ಐದು ಗ್ರಾಂ ಉಕ್ಕಿನ ಲೆಕ್ಕ

12 ಮಿ.ಮೀ. ದಪ್ಪದ ಉಕ್ಕಿನ ತುಂಡಿಗೆ 8 ಮಿ.ಮೀ. ವ್ಯಾಸದ ಒಂದು ತೂತು ಹಾಕಿದರೆ ಹೊರಬರುವ ಲೋಹ 603 ಘನ ಮಿ.ಮೀ., ತೂಕದಲ್ಲಿ 4.7 ಗ್ರಾಂ. ಕೆಜಿಗೆ ₹120ರ ಉಕ್ಕು ಎಂದು ಹಿಡಿದರೂ ಆ ಪುಡಿಯ ಬೆಲೆ 60 ಪೈಸೆ ಮುಟ್ಟುವುದಿಲ್ಲ. ತುಂಡು ಮೈಲ್ಡ್ ಸ್ಟೀಲ್ ಆಗಿದ್ದರೆ ಮನೆಯ ಬೆಂಚ್ ಡ್ರಿಲ್‌ನಲ್ಲಿ ಅದು ಅರ್ಧ ನಿಮಿಷದ ಕೆಲಸ. ₹150ರ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಡ್ರಿಲ್ ಬಿಟ್ ಒಂದನ್ನು ಆಗಾಗ ಸಾಣೆ ಹಿಡಿಯುತ್ತ 200 ತೂತು ತೆಗೆದರೆ ತೂತಿಗೆ 75 ಪೈಸೆ ಬೀಳುತ್ತದೆ. ಅದೇ ತುಂಡು 60 ಎಚ್‌ಆರ್‌ಸಿಗೆ ಗಡಸುಗೊಳಿಸಿದ ಬೇರಿಂಗ್ ಉಕ್ಕಾಗಿದ್ದರೆ ಅದೇ 4.7 ಗ್ರಾಂ ತೆಗೆಯಲು ₹30 ಸಾಕಾಗಬಹುದು, ₹2,000 ಹೋಗಿಯೂ ತೂತು ಅರ್ಧಕ್ಕೆ ನಿಲ್ಲಬಹುದು. ಈ ಎರಡು ತುದಿಗಳ ನಡುವಿನ ಅಂತರ ಎಲ್ಲಿಂದ ಬರುತ್ತದೆ ಎಂಬುದನ್ನು ಅಂಕಿಗಳಲ್ಲಿ ಬಿಡಿಸಿ ನೋಡುವುದು ಈ ಬರಹದ ಕೆಲಸ.

ಇಲ್ಲಿರುವ ಬೆಲೆಗಳು ಬೆಂಗಳೂರಿನ ಚಿಲ್ಲರೆ ಅಂಗಡಿಗಳ ದರದ ಆಸುಪಾಸಿನಲ್ಲಿ ಲೆಕ್ಕಕ್ಕೆಂದು ಹಿಡಿದವು. ಬ್ರ್ಯಾಂಡ್ ನೋಡಿ, ಊರು ನೋಡಿ ಕಾಲುಭಾಗ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಅನುಪಾತಗಳು ಅದರಿಂದ ಹೆಚ್ಚೇನೂ ಅಲುಗುವುದಿಲ್ಲ. ನನಗೆ ಮುಖ್ಯವಾಗಿ ಹೇಳಬೇಕಿರುವುದು ಒಂದೇ ಮಾತು: ಗಡಸು ಉಕ್ಕಿನ ಖರ್ಚು ತೀರ್ಮಾನವಾಗುವುದು ಅದು ಎಷ್ಟು ಗಡಸು, ಎಷ್ಟು ಆಳದವರೆಗೆ ಗಡಸು ಎಂದು ಗೊತ್ತುಮಾಡಿಕೊಳ್ಳುವ ಮೊದಲ ಹತ್ತು ನಿಮಿಷದಲ್ಲಿ. ಆ ಹತ್ತು ನಿಮಿಷ ಕೊಡದವರು ಅದನ್ನು ಬಿಟ್‌ಗಳ ರೂಪದಲ್ಲಿ ಕೊಡುತ್ತಾರೆ.

ಗಡಸುತನದ ಅಳತೆ

ಅಮೆರಿಕದ ಕನೆಕ್ಟಿಕಟ್‌ನ ಹ್ಯೂ ರಾಕ್‌ವೆಲ್ ಮತ್ತು ಸ್ಟ್ಯಾನ್ಲಿ ರಾಕ್‌ವೆಲ್ ತಮ್ಮ ಅಳತೆಯಂತ್ರದ ಪೇಟೆಂಟ್‌ಗೆ ಅರ್ಜಿ ಹಾಕಿದ್ದು 1914ರಲ್ಲಿ. ಅದರ ಸಿ ಮಾಪಕವೇ ಇಂದು ವರ್ಕ್‌ಶಾಪುಗಳ ಆಡುಮಾತಾದ ಎಚ್‌ಆರ್‌ಸಿ. 120 ಡಿಗ್ರಿ ಕೋನದ ವಜ್ರದ ಮೊನೆಯನ್ನು 150 ಕೆಜಿ ಭಾರದಲ್ಲಿ ಉಕ್ಕಿನೊಳಗೆ ಒತ್ತುತ್ತಾರೆ. ಮೊನೆ ಇಳಿದ ಪ್ರತಿ 0.002 ಮಿ.ಮೀ.ಗೆ ನೂರರಿಂದ ಒಂದು ಅಂಕ ಕಳೆಯುತ್ತಾರೆ. ಹಾಗಾಗಿ 60 ಎಚ್‌ಆರ್‌ಸಿ ಎಂದರೆ ಮೊನೆ 0.08 ಮಿ.ಮೀ. ಇಳಿದಿದೆ, 40 ಎಂದರೆ 0.12 ಮಿ.ಮೀ. ಇಳಿದಿದೆ. ಕಣ್ಣಿಗೆ ಕಾಣದ ಈ 0.04 ಮಿ.ಮೀ. ಅಂತರವೇ ಸಾಮಾನ್ಯ ಬಿಟ್ ಏಗಬಲ್ಲ ಉಕ್ಕಿಗೂ ಅದನ್ನು ಸುಟ್ಟುಹಾಕುವ ಉಕ್ಕಿಗೂ ಇರುವ ಅಂತರ.

ಆಯುಧವನ್ನೂ ಕೆಲಸದ ತುಂಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ವಿಕರ್ಸ್ ಮಾಪಕ ಅನುಕೂಲ. ಮೈಲ್ಡ್ ಸ್ಟೀಲ್ ಸುಮಾರು 130 ವಿಕರ್ಸ್. 40 ಎಚ್‌ಆರ್‌ಸಿ ಸುಮಾರು 390, 50 ಸುಮಾರು 510, 60 ಸುಮಾರು 700. ಒಳ್ಳೆಯ ಎಚ್‌ಎಸ್‌ಎಸ್ ಬಿಟ್ 64 ಎಚ್‌ಆರ್‌ಸಿ ಇದ್ದರೆ ಅದು ಸುಮಾರು 800 ವಿಕರ್ಸ್. ಟಂಗ್‌ಸ್ಟನ್ ಕಾರ್ಬೈಡ್ 1,400ರಿಂದ 1,800. ಈಗ ಭಾಗಿಸಿ ನೋಡಿ. ಮೈಲ್ಡ್ ಸ್ಟೀಲ್ ಎದುರು ಎಚ್‌ಎಸ್‌ಎಸ್ ಆರು ಪಟ್ಟು ಗಡಸು. 60 ಎಚ್‌ಆರ್‌ಸಿ ಬೇರಿಂಗ್ ರೇಸ್ ಎದುರು ಅದರ ಮೇಲುಗೈ 1.15 ಪಟ್ಟು ಮಾತ್ರ, ಅದೂ ತಣ್ಣಗಿರುವಾಗ. ತುದಿ ಬಿಸಿಯೇರಿದ ಕೂಡಲೇ ಅಷ್ಟೂ ಉಳಿಯುವುದಿಲ್ಲ. ಕಾರ್ಬೈಡ್‌ಗೆ ಅದೇ ಉಕ್ಕಿನೆದುರು ಎರಡು ಪಟ್ಟಿಗೂ ಹೆಚ್ಚು ಮೇಲುಗೈ ಇದೆ, ಬಿಸಿಯಲ್ಲೂ ಅದು ಬೇಗ ಕುಗ್ಗುವುದಿಲ್ಲ.

ಮನೆಯಲ್ಲಿ ರಾಕ್‌ವೆಲ್ ಯಂತ್ರ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ₹150ರ ಒಂದು ಅರ ಸಾಕು. ಅರದ ಹಲ್ಲುಗಳು ಸುಮಾರು 62ರಿಂದ 65 ಎಚ್‌ಆರ್‌ಸಿ ಇರುತ್ತವೆ. ತುಂಡಿನ ಒಂದು ಮೂಲೆಗೆ ಅರ ಹಾಕಿದಾಗ ಗಾಜಿನ ಮೇಲೆ ಎಳೆದಂತೆ ಜಾರಿ ಚಿಯ್ ಎಂದರೆ 60ರ ಆಸುಪಾಸು. ಕಷ್ಟಪಟ್ಟು ಕಚ್ಚಿದರೆ 45ರಿಂದ 55. ಸಲೀಸಾಗಿ ಕಚ್ಚಿ ಪುಡಿ ಬಿಟ್ಟರೆ 40ರ ಕೆಳಗೆ. ಇನ್ನೂ ನಿಖರವಾಗಿ ಬೇಕೆನ್ನುವವರಿಗೆ 40ರಿಂದ 65ರವರೆಗೆ ಐದೈದರ ಅಂತರದಲ್ಲಿ ಹದ ಮಾಡಿದ ಆರು ಅರಗಳ ಸೆಟ್ ಸಿಗುತ್ತದೆ. ಅದರ ಬೆಲೆ ಕೆಲವು ಸಾವಿರ ರೂಪಾಯಿ. ತಿಂಗಳಿಗೊಮ್ಮೆ ಗಡಸು ಉಕ್ಕು ಮುಟ್ಟುವವರಿಗೆ ಅದು ದುಬಾರಿಯಲ್ಲ, ಎರಡು ಕಾರ್ಬೈಡ್ ಬಿಟ್ ಉಳಿಸಿದರೆ ಹಾಕಿದ ದುಡ್ಡು ಬಂದಂತೆಯೇ.

ಅರದ ಪರೀಕ್ಷೆ ಕೈಕೊಡುವ ಒಂದು ಲೋಹವಿದೆ. ರಾಬರ್ಟ್ ಹ್ಯಾಡ್‌ಫೀಲ್ಡ್ 1882ರಲ್ಲಿ ಕಂಡುಹಿಡಿದ, ಸುಮಾರು ಶೇ 12 ಮ್ಯಾಂಗನೀಸ್ ಇರುವ ಉಕ್ಕು. ಕಲ್ಲುಕ್ರಷರ್‌ಗಳ ದವಡೆ ಪ್ಲೇಟು, ರೈಲು ಹಳಿಗಳ ಕ್ರಾಸಿಂಗ್ ಇದರಿಂದ ಆಗುತ್ತವೆ. ಮೊದಲಿಗೆ ಬ್ರಿನೆಲ್ ಮಾಪಕದಲ್ಲಿ 200ರ ಆಸುಪಾಸಿನಲ್ಲಿರುವ ಇದು ಒತ್ತಿದಷ್ಟೂ, ಉಜ್ಜಿದಷ್ಟೂ ಗಡಸಾಗಿ 500ರ ಹತ್ತಿರ ಹೋಗುತ್ತದೆ. ಬಿಟ್ ಒಂದು ಕ್ಷಣ ಕಚ್ಚದೆ ಉಜ್ಜಿದರೂ ಸಾಕು, ತೂತಿನ ತಳ ಗಟ್ಟಿಯಾಗಿಬಿಡುತ್ತದೆ. ಕ್ರಷರ್ ಗುಜರಿಯಿಂದ ಅಡಿಗಲ್ಲು ಮಾಡಿಕೊಳ್ಳಲೆಂದು ಪ್ಲೇಟು ತಂದವರು ಅದಕ್ಕೆ ತೂತು ಹಾಕುವ ಯೋಚನೆ ಬಿಡುವುದು ಒಳ್ಳೆಯದು.

ವೇಗದ ಗಣಿತ

ಡ್ರಿಲ್ ತಿರುಗುವ ವೇಗಕ್ಕೆ ನೆನಪಿಡಬೇಕಾದ ಅಂಕಿ 318. ನಿಮಿಷಕ್ಕೆ ಎಷ್ಟು ಮೀಟರ್ ವೇಗದಲ್ಲಿ ಕತ್ತರಿಸಬೇಕೋ ಅದನ್ನು 318ರಿಂದ ಗುಣಿಸಿ ಬಿಟ್‌ನ ವ್ಯಾಸದಿಂದ ಭಾಗಿಸಿದರೆ ಆರ್‌ಪಿಎಂ. ಮೈಲ್ಡ್ ಸ್ಟೀಲ್‌ನಲ್ಲಿ ಎಚ್‌ಎಸ್‌ಎಸ್‌ಗೆ 25 ಮೀಟರ್ ಒಪ್ಪುತ್ತದೆ. 8 ಮಿ.ಮೀ. ಬಿಟ್‌ಗೆ ಅದು ಸುಮಾರು 1,000 ಆರ್‌ಪಿಎಂ. 45 ಎಚ್‌ಆರ್‌ಸಿಯ ಉಕ್ಕಿನಲ್ಲಿ ಶೇ 5 ಅಥವಾ ಶೇ 8 ಕೋಬಾಲ್ಟ್ ಬೆರೆತ ಎಂ35, ಎಂ42 ಬಿಟ್‌ಗಳಿಗೆ 5–6 ಮೀಟರ್ ದಾಟಬಾರದು. ಅಂದರೆ 200ರಿಂದ 240 ಆರ್‌ಪಿಎಂ.

ತೊಂದರೆ ಶುರುವಾಗುವುದು ಇಲ್ಲೇ. ಐದು ಮೆಟ್ಟಿಲ ಪುಲಿ ಇರುವ ಅರ್ಧ ಇಂಚಿನ ಬೆಂಚ್ ಡ್ರಿಲ್‌ಗಳ ಅತಿ ಕಡಿಮೆ ವೇಗ ಸಾಮಾನ್ಯವಾಗಿ 450–500ರ ಆಸುಪಾಸಿನಲ್ಲಿರುತ್ತದೆ. 480 ಎಂದು ಹಿಡಿಯೋಣ. 8 ಮಿ.ಮೀ. ಬಿಟ್‌ನ ಅಂಚು ಆಗ 12 ಮೀಟರ್ ವೇಗದಲ್ಲಿ ಓಡುತ್ತದೆ, ಬೇಕಾದ್ದರ ಎರಡರಷ್ಟು. ಎರಡು ಪಟ್ಟು ತಾನೇ, ಸ್ವಲ್ಪ ಬೇಗ ಸವೆಯುತ್ತದೆ ಅಷ್ಟೇ ಎಂದು ಅನಿಸಬಹುದು. ಹಾಗಲ್ಲ ಎಂದು ತೋರಿಸಿದ್ದು ಫ್ರೆಡ್ರಿಕ್ ಟೇಲರ್. ಮೌನ್ಸೆಲ್ ವೈಟ್ ಜೊತೆ ಸೇರಿ ಹೈ ಸ್ಪೀಡ್ ಸ್ಟೀಲ್‌ನ ಹದವನ್ನು ಕಂಡುಕೊಂಡ ಎಂಜಿನಿಯರ್ ಇವರು. ಲೋಹ ಕತ್ತರಿಸುವ ವಿದ್ಯೆಯ ಬಗ್ಗೆ 1906ರ ಕೊನೆಯಲ್ಲಿ ಅವರು ಮಂಡಿಸಿದ ಪ್ರಬಂಧದ ಹಿಂದೆ 26 ವರ್ಷಗಳ ಪ್ರಯೋಗವಿತ್ತು. ಅಷ್ಟರಲ್ಲಿ ಪುಡಿಯಾದ ಉಕ್ಕು ಮತ್ತು ಕಬ್ಬಿಣ 8 ಲಕ್ಷ ಪೌಂಡ್, ನಮ್ಮ ಲೆಕ್ಕದಲ್ಲಿ 360 ಟನ್ನಿಗೂ ಹೆಚ್ಚು. ಅದರಿಂದ ಹೊರಬಂದ ಸೂತ್ರದ ಪ್ರಕಾರ ವೇಗ ಹೆಚ್ಚಿದಂತೆ ಆಯುಧದ ಆಯುಷ್ಯ ಘಾತಗಳಲ್ಲಿ ಕುಸಿಯುತ್ತದೆ. ಎಚ್‌ಎಸ್‌ಎಸ್ ಜಾತಿಯ ಆಯುಧಕ್ಕೆ ಆ ಘಾತ ಸುಮಾರು 8. ವೇಗ ಎರಡು ಪಟ್ಟಾದರೆ ಆಯುಷ್ಯ ಎರಡರ ಎಂಟನೇ ಘಾತದಷ್ಟು, ಅಂದರೆ 256ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕಾರ್ಬೈಡ್‌ಗೆ ಘಾತ ಸುಮಾರು 4, ಹಾಗಾಗಿ ಕುಸಿತ 16ರಲ್ಲಿ ಒಂದು ಪಾಲು. ಸರಿಯಾದ ವೇಗದಲ್ಲಿ ಒಂದು ಗಂಟೆ ಕತ್ತರಿಸಬಲ್ಲ ಕೋಬಾಲ್ಟ್ ಅಂಚು ನಮ್ಮ ಡ್ರಿಲ್‌ನ ಅತಿ ನಿಧಾನದ ಮೆಟ್ಟಿಲಲ್ಲೇ 14 ಸೆಕೆಂಡಿಗೆ ಮುಗಿಯುತ್ತದೆ. ₹400 ಕೊಟ್ಟು ತಂದ ಕೋಬಾಲ್ಟ್ ಬಿಟ್ ಒಂದೇ ತೂತಿಗೂ ಬರಲಿಲ್ಲ, ಮಾಲು ನಕಲಿ ಎಂದು ಅಂಗಡಿಯವರ ಜೊತೆ ಜಗಳಕ್ಕೆ ಹೋಗುವವರು ಮೊದಲು ಪುಲಿಯ ಬೆಲ್ಟ್ ಎಲ್ಲಿದೆ ಎಂದು ನೋಡಬೇಕು.

ವೇಗ ಇಳಿಸುವ ದಾರಿಗಳಿವೆ. ಮೂರು ಫೇಸ್ ಮೋಟರ್ ಮತ್ತು ಅದರ ವೇಗ ಬದಲಿಸುವ ವಿಎಫ್‌ಡಿ ಹಾಕಿಸಿದರೆ 25 ಹರ್ಟ್ಜ್‌ನಲ್ಲಿ 240 ಆರ್‌ಪಿಎಂ ಸಿಗುತ್ತದೆ, ಆದರೆ ಅದಕ್ಕೆ ಸಾವಿರಗಳ ಲೆಕ್ಕದಲ್ಲಿ ಖರ್ಚು. ಚಿಕ್ಕ ತೂತು ಸಾಕಾದರೆ ಖರ್ಚೇ ಇಲ್ಲ. 4 ಮಿ.ಮೀ. ಬಿಟ್ ಅದೇ 480 ಆರ್‌ಪಿಎಂನಲ್ಲಿ ಸರಿಯಾಗಿ 6 ಮೀಟರ್ ವೇಗಕ್ಕೆ ಬರುತ್ತದೆ. ಆದರೆ 4ರ ತೂತನ್ನು ಆಮೇಲೆ 8ಕ್ಕೆ ಹಿಗ್ಗಿಸಹೊರಟರೆ ದೊಡ್ಡ ಬಿಟ್‌ನ ಹೊರ ಅಂಚು ಮತ್ತೆ 12 ಮೀಟರ್ ಓಡುತ್ತದೆ, ಸುಡುವುದು ಆ ಮೂಲೆಯೇ.

ಈಗ ಕಾರ್ಬೈಡ್ ನೋಡಿ. 50 ಎಚ್‌ಆರ್‌ಸಿಯ ಉಕ್ಕಿನಲ್ಲಿ ಅದಕ್ಕೆ 20 ಮೀಟರ್ ಹೊಂದುತ್ತದೆ. 8 ಮಿ.ಮೀ.ಗೆ 800 ಆರ್‌ಪಿಎಂ. ಮನೆಯ ಡ್ರಿಲ್‌ನಲ್ಲಿ ಆ ಮೆಟ್ಟಿಲು ಇದ್ದೇ ಇರುತ್ತದೆ. ಕೋಬಾಲ್ಟ್ ಕೇಳುವ ನಿಧಾನ ನಮ್ಮ ಯಂತ್ರದಲ್ಲಿಲ್ಲ. ಕಾರ್ಬೈಡ್ ಕೇಳುವ ವೇಗ ಇದೆ, ಅದು ಕೇಳುವ ಬಿಗಿ ಇಲ್ಲ. ಮನೆ ವರ್ಕ್‌ಶಾಪಿನ ಗಡಸು ಉಕ್ಕಿನ ಕಷ್ಟವೆಲ್ಲ ಇಷ್ಟರಲ್ಲೇ ಇದೆ. ಬಿಗಿಯನ್ನು ಅಲ್ಪ ಖರ್ಚಿನಲ್ಲಿ ಹೆಚ್ಚಿಸಬಹುದು, ಅದಕ್ಕೇ ನಾನು ಕಾರ್ಬೈಡ್ ಪಕ್ಷ.

ಬಲ ಎಷ್ಟು, ಬಿಗಿ ಎಷ್ಟು

ಗಡಸು ಉಕ್ಕಿಗೆ ದೊಡ್ಡ ಮೋಟರ್ ಬೇಕು ಎಂಬ ನಂಬಿಕೆ ಬಹಳ ಜನರಲ್ಲಿದೆ. ಲೆಕ್ಕ ಅದನ್ನು ಒಪ್ಪುವುದಿಲ್ಲ. ಗಡಸು ಉಕ್ಕಿನ ಒಂದು ಚದರ ಮಿ.ಮೀ. ಅಡ್ಡಕೊಯ್ತದ ಪುಡಿ ಎಬ್ಬಿಸಲು ಸುಮಾರು 4,000 ನ್ಯೂಟನ್ ಬಲ ಎಂದು ಹಿಡಿಯಿರಿ, ಮೈಲ್ಡ್ ಸ್ಟೀಲ್‌ಗೆ ಅದು ಸುಮಾರು ಅರ್ಧ. 8 ಮಿ.ಮೀ. ಬಿಟ್ ಸುತ್ತಿಗೆ 0.05 ಮಿ.ಮೀ. ಇಳಿದರೆ ಬೇಕಾಗುವ ತಿರುಚುಬಲ 1.6 ನ್ಯೂಟನ್ ಮೀಟರ್. 800 ಆರ್‌ಪಿಎಂನಲ್ಲಿ ಅದು 134 ವಾಟ್. ಅರ್ಧ ಅಶ್ವಶಕ್ತಿಯ ಮೋಟರ್ ಕೊಡುವುದು 373 ವಾಟ್. ಸವೆತ, ಬೆಲ್ಟಿನ ನಷ್ಟ ಎಲ್ಲ ಕಳೆದರೂ ಮಿಗುತ್ತದೆ.

ಮಿಗದಿರುವುದು ಡ್ರಿಲ್‌ನ ಕಂಬದ ಬಿಗಿ. ಮೇಲಿನ ಅಂಕಿಗಳಲ್ಲೇ ಕತ್ತರಿಸುವ ಎರಡು ಅಂಚುಗಳಿಗೆ ಬೇಕಾಗುವ ಕೆಳಮುಖ ಒತ್ತಡ ಸುಮಾರು 360 ನ್ಯೂಟನ್, ಅಂದರೆ 37 ಕೆಜಿ ಭಾರ. ಬಿಟ್‌ನ ನಡುವಿನ ಉಳಿಯಂಥ ಅಡ್ಡ ಅಂಚು ಲೋಹವನ್ನು ಕತ್ತರಿಸದೆ ಹಿಂಡುವುದರಿಂದ ಒತ್ತಡ ಸುಲಭವಾಗಿ ಇದರ ಎರಡು ಪಟ್ಟಾಗುತ್ತದೆ, 75 ಕೆಜಿ ಎಂದುಕೊಳ್ಳಿ. ಹಿಡಿಕೆಯ ಸನ್ನೆಯಿಂದ ನಮ್ಮ ಕೈಗೆ ಅದು ಆರೇಳು ಕೆಜಿಯಾಗಿ ಮಾತ್ರ ತಿಳಿಯುತ್ತದೆ. ಕಂಬಕ್ಕೂ ಟೇಬಲ್ಲಿಗೂ ಪೂರ್ತಿ ತಿಳಿಯುತ್ತದೆ. ತಲೆ ಮೇಲಕ್ಕೆ, ಟೇಬಲ್ ಕೆಳಕ್ಕೆ ಬಾಗುತ್ತವೆ. ಟೇಬಲ್ಲಿನ ಮೇಲೆ ಡಯಲ್ ಗೇಜ್ ಇಟ್ಟು ಹಿಡಿಕೆ ಒತ್ತಿ ನೋಡಿದರೆ ಈ ಬಾಗು ಕಣ್ಣಿಗೆ ಕಾಣುತ್ತದೆ. ಹಗುರ ಯಂತ್ರಗಳಲ್ಲಿ 0.2 ಮಿ.ಮೀ. ಕಂಡರೆ ಆಶ್ಚರ್ಯವಿಲ್ಲ.

ಈ 0.2 ಮಿ.ಮೀ. ಸುಮ್ಮನೆ ಕುಳಿತಿರುವುದಿಲ್ಲ. ಬಿಟ್‌ನ ಮೊನೆ ತುಂಡಿನ ತಳ ಒಡೆದು ಹೊರಬಂದ ಗಳಿಗೆಯಲ್ಲಿ ಒತ್ತಡ ಥಟ್ಟನೆ ಇಳಿಯುತ್ತದೆ, ಬಾಗಿದ್ದ ಕಂಬ ನೆಟ್ಟಗಾಗುತ್ತದೆ. ಸುತ್ತಿಗೆ 0.05 ಇಳಿಯಬೇಕಿದ್ದ ಬಿಟ್ ಒಂದೇ ಸುತ್ತಿನಲ್ಲಿ 0.25 ಮಿ.ಮೀ. ನುಗ್ಗುತ್ತದೆ, ಐದು ಪಟ್ಟು. ಎಚ್‌ಎಸ್‌ಎಸ್ ಆಗಿದ್ದರೆ ಬಾಗಿ ತಾಳಿಕೊಳ್ಳುತ್ತಿತ್ತು, ಕಾರ್ಬೈಡ್‌ಗೆ ಬಾಗುವುದು ತಿಳಿಯದು. ಗಡಸು ಉಕ್ಕಿನಲ್ಲಿ ಮುರಿದ ಕಾರ್ಬೈಡ್ ಬಿಟ್‌ಗಳಲ್ಲಿ ಹೆಚ್ಚಿನವು ಕೊನೆಯ ಅರ್ಧ ಮಿಲಿಮೀಟರಿನಲ್ಲಿ ಮುರಿದಂಥವು ಎಂಬುದು ನನ್ನ ಅನುಭವದ ಮಾತು. ಪರಿಹಾರ ಅಗ್ಗ: ತುಂಡಿನ ಕೆಳಗೆ ಮೈಲ್ಡ್ ಸ್ಟೀಲ್ ಪಟ್ಟಿಯೊಂದನ್ನು ಒತ್ತಿ ಕ್ಲ್ಯಾಂಪ್ ಮಾಡುವುದು. ಆಗ ಮೊನೆಗೆ ಗಾಳಿ ಸಿಗುವುದಿಲ್ಲ, ಒತ್ತಡ ಒಮ್ಮೆಲೇ ಬೀಳುವುದಿಲ್ಲ. ಟೇಬಲ್ಲಿನಡಿ ತೆಂಗಿನ ಮರದ ಗಟ್ಟಿ ತುಂಡೋ ಸ್ಕ್ರೂ ಜಾಕೋ ಆನಿಸಿದರೆ ಬಾಗು ಇನ್ನೂ ಇಳಿಯುತ್ತದೆ. ಖರ್ಚು ಹೆಚ್ಚೆಂದರೆ ₹300.

ತೂತಿಗೆ ಎಷ್ಟು?

8 ಮಿ.ಮೀ. ಸಾಲಿಡ್ ಕಾರ್ಬೈಡ್ ಬಿಟ್‌ಗೆ ₹1,800 ಎಂದು ಹಿಡಿಯೋಣ. ಮನೆಯಲ್ಲಿ ಅದು ಸವೆದು ಸಾಯುವುದು ಅಪರೂಪ, ಮುರಿದೇ ಸಾಯುತ್ತದೆ. ಹಾಗಾಗಿ ತೂತಿನ ಬೆಲೆ ಎಂದರೆ ಮುರಿಯುವ ಸಂಭವದ ಬೆಲೆ. ಇಪ್ಪತ್ತು ತೂತಿಗೊಮ್ಮೆ ಮುರಿದರೆ ತೂತಿಗೆ ₹90. ಐದಕ್ಕೊಮ್ಮೆ ಮುರಿದರೆ ₹360. ಕೈಡ್ರಿಲ್‌ನಲ್ಲಿ ಹಿಡಿದು ಕೊರೆಯಹೊರಟರೆ ಮೊದಲ ತೂತಿಗೇ ₹1,800. ಆ ₹300ರ ಜಾಕು, ಪಟ್ಟಿ, ಕ್ಲ್ಯಾಂಪುಗಳು ಸಂಭವವನ್ನು ಐದರಲ್ಲಿ ಒಂದರಿಂದ ಇಪ್ಪತ್ತರಲ್ಲಿ ಒಂದಕ್ಕೆ ಇಳಿಸಿದರೆ ಎರಡನೇ ತೂತಿನ ಹೊತ್ತಿಗೇ ದುಡ್ಡು ವಾಪಸು.

ಕೋಬಾಲ್ಟ್ ಬಿಟ್ ₹400. 240 ಆರ್‌ಪಿಎಂ ಸಿಗುವ ಯಂತ್ರದಲ್ಲಿ 45 ಎಚ್‌ಆರ್‌ಸಿ ಉಕ್ಕಿಗೆ ನಾಲ್ಕು ತೂತು ತೆಗೆದರೆ ತೂತಿಗೆ ₹100, ಕಾರ್ಬೈಡ್‌ನ ಲೆಕ್ಕಕ್ಕೇ ಬಂತು. 50ರಲ್ಲಿ ಎರಡೇ ತೂತು ಬಂದರೆ ₹200. 60ರಲ್ಲಿ ತೂತೇ ಇಲ್ಲ. ಅಗ್ಗ ಎಂದು ಕೊಳ್ಳುವ ಕೋಬಾಲ್ಟ್ 45ರ ಗಡಿ ದಾಟಿದ ಮೇಲೆ ಅಗ್ಗವಲ್ಲ.

ಎಲ್ಲಕ್ಕಿಂತ ಕಡಿಮೆ ದುಡ್ಡಿನ ಕಾರ್ಬೈಡ್ ಇರುವುದು ಗೋಡೆ ಕೊರೆಯುವ ಬಿಟ್‌ನ ತುದಿಯಲ್ಲಿ, ₹80ಕ್ಕೆ. ಅದು ಬರುವುದು ಕಲ್ಲು ಕುಟ್ಟಲು ಬೇಕಾದ ಮೊಂಡು ಅಂಚಿನಲ್ಲಿ. ಹಸಿರು ಸಿಲಿಕಾನ್ ಕಾರ್ಬೈಡ್ ಸಾಣೆಚಕ್ರದಲ್ಲೋ ವಜ್ರದ ಅರದಲ್ಲೋ ಅಂಚಿನ ಹಿಂದೆ ಆರೇಳು ಡಿಗ್ರಿ ಇಳಿಜಾರು ಕೊಟ್ಟು, ಎರಡೂ ತುಟಿ ಒಂದೇ ಉದ್ದ ಬರುವಂತೆ ಹರಿತ ಮಾಡಿದರೆ 60 ಎಚ್‌ಆರ್‌ಸಿಯನ್ನೂ ಅದು ಬೂದುಬಣ್ಣದ ಪುಡಿಯಾಗಿ ಕೆರೆಯುತ್ತದೆ. ಬೆಂಚ್ ಗ್ರೈಂಡರಿನ ಸಾಮಾನ್ಯ ಬೂದು ಚಕ್ರ ಇದಕ್ಕೆ ಆಗುವುದಿಲ್ಲ, ಕಾರ್ಬೈಡಿಗಿಂತ ಚಕ್ರವೇ ಬೇಗ ಸವೆಯುತ್ತದೆ. ಎರಡು ಎಚ್ಚರ: 8 ಎಂದು ಬರೆದಿದ್ದರೂ ತುದಿಯ ಅಗಲ 8.3ರಿಂದ 8.4 ಇರುತ್ತದೆ, ಬಿಗಿಯಾಗಿ ಕೂರಬೇಕಾದ ಪಿನ್ನಿಗೆ ಆ ತೂತು ಒದಗುವುದಿಲ್ಲ. ತುದಿಯನ್ನು ಬೆಸುಗೆ ಹಾಕಿ ಕೂರಿಸಿರುವುದರಿಂದ ಒಂದೇ ಸಮನೆ ಒತ್ತಿದರೆ ಬಿಸಿಗೆ ಕಳಚಿಬೀಳುತ್ತದೆ. ನಡುನಡುವೆ ನೀರು ಚಿಮುಕಿಸುವುದು ಇನ್ನೂ ಕೆಟ್ಟದ್ದು, ಬಿಸಿ ಕಾರ್ಬೈಡ್ ಸೀಳುತ್ತದೆ. ನೀರಿಲ್ಲದೆಯೇ ಕೊರೆಯಿರಿ, ಇಲ್ಲವೇ ಎಡೆಬಿಡದೆ ನೀರು ಹರಿಸಿರಿ. ಒಂದು ಬಿಟ್ ಮೂರು ತೂತಿಗೆ ಬಂದರೆ ತೂತಿಗೆ ₹27. ಸಮಯ ಮಾತ್ರ ಸಾಣೆಯೂ ಸೇರಿ ಇಪ್ಪತ್ತು ನಿಮಿಷ. ಗಂಟೆಗೆ ₹200 ಎಂದು ನಮ್ಮ ಶ್ರಮಕ್ಕೆ ಬೆಲೆ ಕಟ್ಟಿದರೆ ಇನ್ನೊಂದು ₹67 ಸೇರಿ ₹94. ಒಂದೋ ಎರಡೋ ತೂತಿನ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಪವರ್ ಹ್ಯಾಕ್ಸಾ ಬ್ಲೇಡಿನಿಂದ ಚಾಕು ಮಾಡುವವರಿಗೂ ಇದೇ ಮಾತು. ಎಚ್‌ಎಸ್‌ಎಸ್ ಬ್ಲೇಡ್ 2 ಮಿ.ಮೀ. ದಪ್ಪ, ರಿವೆಟ್ಟಿನ ತೂತು 4 ಮಿ.ಮೀ. ತೆಗೆಯಬೇಕಾದ ಲೋಹ 0.2 ಗ್ರಾಂ. ಗಾಜು ಕೊರೆಯುವ ಈಟಿಮೊನೆಯ ಬಿಟ್ ₹60ಕ್ಕೆ ಸಿಗುತ್ತದೆ, ಅದರ ತುದಿಯೂ ಕಾರ್ಬೈಡೇ.

ಕಾರ್ಬೈಡ್‌ಗೆ ಬೆಂಗಳೂರಿನ ನಂಟು ಹಳೆಯದು. ಜರ್ಮನಿಯ ಓಸ್ರಾಮ್‌ನಲ್ಲಿ ಕಾರ್ಲ್ ಶ್ರೋಟರ್ 1923ರಲ್ಲಿ ಟಂಗ್‌ಸ್ಟನ್ ಕಾರ್ಬೈಡನ್ನು ಕೋಬಾಲ್ಟ್‌ನಲ್ಲಿ ಬೆಸೆಯುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಕ್ರುಪ್ ಸಂಸ್ಥೆ ಅದನ್ನು ವಿಡಿಯಾ ಹೆಸರಿನಲ್ಲಿ ಮಾರಿತು. 1964ರಲ್ಲಿ ಬೆಂಗಳೂರಿನ ತುಮಕೂರು ರಸ್ತೆಗೆ ವಿಡಿಯಾ ಇಂಡಿಯಾ ಬಂತು, ಈಗ ಅದು ಕೆನಾಮೆಟಲ್ ಇಂಡಿಯಾ. ಪೀಣ್ಯದ ಹಳೆಯ ಟರ್ನರುಗಳು ಯಾವ ಕಂಪನಿಯ ಕಾರ್ಬೈಡ್ ತುದಿಯನ್ನಾದರೂ ವಿಡಿಯಾ ಎಂದೇ ಕರೆಯುತ್ತಾರೆ.

ಚರ್ಮ ಗಡಸು, ತಿರುಳು ಮೆತ್ತಗೆ

ಗಡಸು ಎಂದು ಹೆದರಿಸುವ ತುಂಡುಗಳಲ್ಲಿ ಎಷ್ಟೋ ಪೂರ್ತಿ ಗಡಸಾಗಿರುವುದಿಲ್ಲ. ಗೇರ್, ಗಜನ್ ಪಿನ್, ಎಷ್ಟೋ ಶಾಫ್ಟುಗಳು ಹೊರಗಿನ ಒಂದು ಮಿಲಿಮೀಟರ್ ಆಸುಪಾಸಿನಲ್ಲಷ್ಟೇ 60 ಎಚ್‌ಆರ್‌ಸಿ. ಒಳಗೆ 40ಕ್ಕಿಂತ ಕಡಿಮೆ. ಮನೆಯಲ್ಲಿ ಸಿಎನ್‌ಸಿ ಕಟ್ಟುವವರು ಕೊಳ್ಳುವ 16 ಮಿ.ಮೀ. ಲೀನಿಯರ್ ಶಾಫ್ಟಿನಲ್ಲಿ ಗಡಸು ಪದರ ಸಾಮಾನ್ಯವಾಗಿ 1ರಿಂದ 2 ಮಿ.ಮೀ. ಅಂದರೆ ನಡುವೆ ಕನಿಷ್ಠ 12 ಮಿ.ಮೀ. ವ್ಯಾಸದ ಮೆತ್ತನೆಯ ತಿರುಳಿದೆ. ತುದಿಗೆ ಎಂ6 ಮರೆ (ಥ್ರೆಡ್) ಹಾಕಬೇಕಾದರೆ 5 ಮಿ.ಮೀ. ಎಚ್‌ಎಸ್‌ಎಸ್ ಬಿಟ್ ಮಧ್ಯಕ್ಕೆ ಇಟ್ಟರೆ ಸಾಕು, ಬೆಣ್ಣೆಯಂತೆ ಅಲ್ಲದಿದ್ದರೂ ಮೈಲ್ಡ್ ಸ್ಟೀಲ್‌ಗಿಂತ ಸ್ವಲ್ಪ ಬಿಗುವಾಗಿ ಇಳಿಯುತ್ತದೆ.

ಅಡ್ಡ ತೂತು ಬೇಕಾದರೆ ಮೇಲಿನ ಪದರವನ್ನು ಡೈ ಗ್ರೈಂಡರಿನ ಕಲ್ಲಿನಿಂದ ಚಪ್ಪಟೆಯಾಗಿ ಸವೆಸಿ, ಅದೇ ರೀತಿ ಎದುರು ಬದಿಯನ್ನೂ ಸವೆಸಬೇಕು. ಎದುರು ಬದಿಯನ್ನು ಮರೆತರೆ ತಿರುಳಿನಲ್ಲಿ ಸಲೀಸಾಗಿ ಇಳಿದ ಬಿಟ್ ಕೊನೆಗೆ ಒಳಗಿನಿಂದ ಗಡಸು ಚರ್ಮಕ್ಕೆ ಬಡಿದು ತುದಿ ಕಳೆದುಕೊಳ್ಳುತ್ತದೆ. ಕಲ್ಲಿಗೆ ₹40, ಸಮಯ ಹತ್ತು ನಿಮಿಷ, ಬಿಟ್‌ನ ಖರ್ಚು ಒಂದೆರಡು ರೂಪಾಯಿ. ಅರವನ್ನು ಬರೀ ಹೊರಮೈಗೆ ಉಜ್ಜಿ ನೋಡಿದವರು ಇಲ್ಲಿ ₹1,800 ಖರ್ಚು ಮಾಡಿಬಿಡುತ್ತಾರೆ. ಕತ್ತರಿಸಿದ ತುದಿಯ ಮೇಲೆ ಅಂಚಿನಿಂದ ನಡುವಿನವರೆಗೆ ಅರ ಎಳೆದು ನೋಡಬೇಕು.

ಬೆಂಕಿಯ ದಾರಿ

ಬೇರಿಂಗ್ ರೇಸ್ ಹೊರಗೂ ಒಳಗೂ ಗಡಸು. ಶೇ 1 ಇಂಗಾಲ, ಶೇ 1.5 ಕ್ರೋಮಿಯಂ ಇರುವ ಇಎನ್ 31 ಅದು. ಅದನ್ನು ಮತ್ತೆ ಕಾಯಿಸಿದಂತೆಲ್ಲ ಗಡಸುತನ ಇಳಿಯುತ್ತದೆ: 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 60 ಎಚ್‌ಆರ್‌ಸಿ, 300ರಲ್ಲಿ 56, 500ರಲ್ಲಿ 45, 600ರಲ್ಲಿ 37ರ ಹತ್ತಿರ. 700ರ ಆಸುಪಾಸಿನಲ್ಲಿ ಎರಡು ಗಂಟೆ ಇಟ್ಟರೆ 30ರ ಕೆಳಗೆ. ಪೂರ್ತಿ ಮೆತ್ತಗಾಗಲು 800ಕ್ಕೆ ಕಾಯಿಸಿ ಗಂಟೆಗೆ 20 ಡಿಗ್ರಿಯಂತೆ 650ರವರೆಗೆ ಇಳಿಸಬೇಕು, ಅದೇ ಏಳೂವರೆ ಗಂಟೆ.

ಒಂದು ಕೆಜಿ ಉಕ್ಕನ್ನು 800 ಡಿಗ್ರಿಗೆ ಏರಿಸಲು ಉಕ್ಕು ಹೀರುವ ಶಾಖ ಸುಮಾರು 500 ಕಿಲೋಜೌಲ್, ವಿದ್ಯುತ್ತಿನಲ್ಲಿ 0.14 ಯೂನಿಟ್. ಯೂನಿಟ್ಟಿಗೆ ₹7 ಎಂದರೆ ಒಂದು ರೂಪಾಯಿ. ಉಳಿದದ್ದೆಲ್ಲ ಇಟ್ಟಿಗೆ ಬಿಸಿ ಮಾಡುವ ಖರ್ಚು. ಸಣ್ಣ ವಿದ್ಯುತ್ ಕುಲುಮೆ ರಾತ್ರಿಯಿಡೀ 6 ಯೂನಿಟ್ ತಿಂದರೆ ₹42. ಇದ್ದಿಲಿನ ಕುಲುಮೆಯಾದರೆ 3 ಕೆಜಿ ಇದ್ದಿಲು, ₹150. ಆಮೇಲೆ ಅದೇ ₹150ರ ಎಚ್‌ಎಸ್‌ಎಸ್ ಬಿಟ್, ತೂತಿಗೆ ಒಂದೆರಡು ರೂಪಾಯಿ. ತುಂಡು ಮತ್ತೆ ಗಡಸಾಗಬೇಕಿಲ್ಲದಿದ್ದರೆ ಬೆಂಕಿಯೆದುರು ಯಾವ ಬಿಟ್ ಕೂಡ ನಿಲ್ಲುವುದಿಲ್ಲ. ಮತ್ತೆ ಗಡಸಾಗಲೇಬೇಕಿದ್ದರೆ ಹೀಟ್ ಟ್ರೀಟ್‌ಮೆಂಟ್ ಅಂಗಡಿಗೆ ಕೊಡಬೇಕು. ದರ ಕೆಜಿ ಲೆಕ್ಕ, ಆದರೆ ಒಂದು ಕನಿಷ್ಠ ಬಿಲ್ ಇರುತ್ತದೆ. ₹500 ಎಂದು ಹಿಡಿದರೆ ಒಟ್ಟು ₹542. ತೂತಿಗೆ ₹90ರ ಕಾರ್ಬೈಡ್ ಜೊತೆ ಹೋಲಿಸಿದರೆ ಆರು ತೂತಿನವರೆಗೆ ಕಾರ್ಬೈಡ್ ಲಾಭ, ಏಳನೆಯದರಿಂದ ಬೆಂಕಿ ಲಾಭ. ತುಂಡು ಸೊಟ್ಟಗಾಗುವ ಅಪಾಯವನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ನುಣ್ಣಗೆ ಗ್ರೈಂಡ್ ಮಾಡಿದ ಅಳತೆಗಳಿರುವ ತುಂಡನ್ನು ನಾನಂತೂ ಬೆಂಕಿಗೆ ಹಾಕುವುದಿಲ್ಲ.

ಡಿ2ನಂಥ ಡೈ ಉಕ್ಕು, ಎಚ್‌ಎಸ್‌ಎಸ್ ಇವಕ್ಕೆ ಗ್ಯಾಸ್ ಟಾರ್ಚ್ ಹಿಡಿದು ಮೆತ್ತಗಾಗಿಸಲು ಹೊರಡಬೇಡಿ. ಇವು ಗಾಳಿಯಲ್ಲಿ ಆರಿದರೂ ಗಡಸಾಗುವ ಜಾತಿ. ಹೊಳೆಯುವ ಕೆಂಪಿಗೆ ಏರಿಸಿ ಆರಲು ಬಿಟ್ಟರೆ ತೂತು ಬೇಕಾದ ಜಾಗವೇ ಮತ್ತೆ ಗಟ್ಟಿಯಾಗಿ ಕೂರುತ್ತದೆ, ಸುತ್ತ ಬಿರುಕೂ ಬರಬಹುದು.

ಲಾರಿಯ ಲೀಫ್ ಸ್ಪ್ರಿಂಗ್ ಗಡಸುತನದಲ್ಲಿ ಮೈಲ್ಡ್ ಸ್ಟೀಲ್‌ಗೂ ಬೇರಿಂಗ್ ರೇಸ್‌ಗೂ ನಡುವಿನದು, 42ರಿಂದ 48 ಎಚ್‌ಆರ್‌ಸಿ. ನಮ್ಮ ಹಳ್ಳಿಗಳ ಕಮ್ಮಾರರು ಮಚ್ಚು, ಕುಡುಗೋಲುಗಳಿಗೆ ಇದನ್ನೇ ಬಳಸುತ್ತಾರೆ. ಅವರು ತೂತನ್ನು ಕೊರೆಯುವ ಗೋಜಿಗೇ ಹೋಗುವುದಿಲ್ಲ, ಕೆಂಪಗೆ ಕಾದಿರುವಾಗಲೇ ಉಳಿಯಿಂದ ಹೊಡೆದು ತೂರಿಸಿ, ಆಮೇಲೆ ಹದ ಕೊಡುತ್ತಾರೆ. ಖರ್ಚಿನ ದೃಷ್ಟಿಯಿಂದ ಈ ಬರಹದ ಎಲ್ಲ ವಿಧಾನಗಳಿಗಿಂತ ಅದೇ ಮೇಲು: ಹದಕ್ಕೆ ಮೊದಲೇ ತೂತು.

ಮರೆ, ಮುರಿದ ಟ್ಯಾಪ್, ಲೇತ್

ಗಡಸು ಉಕ್ಕಿನಲ್ಲಿ ಮರೆ ಹಾಕುವುದು ಕೊರೆಯುವುದಕ್ಕಿಂತ ದುಬಾರಿ. ಕಾರ್ಬೈಡ್ ಟ್ಯಾಪ್‌ಗಳ ಬೆಲೆ ಸಾವಿರಗಳಲ್ಲಿ. 40ರಿಂದ 45 ಎಚ್‌ಆರ್‌ಸಿವರೆಗೆ ಕೋಬಾಲ್ಟ್ ಟ್ಯಾಪ್ ಬಳಸಬಹುದು, ಆದರೆ ತೂತನ್ನು ಹಿಗ್ಗಿಸಿ. ಎಂ6ಗೆ 5.0 ಮಿ.ಮೀ. ಕೊರೆದರೆ ಮರೆಯ ಹಲ್ಲು ಶೇ 77ರಷ್ಟು ಆಳ ಬರುತ್ತದೆ, 5.3 ಕೊರೆದರೆ ಶೇ 54. ಗಟ್ಟಿ ಉಕ್ಕಿನಲ್ಲಿ ಶೇ 54 ಹಲ್ಲೂ ಬೋಲ್ಟ್ ತಾಳುವಷ್ಟು ತಾಳುತ್ತದೆ. ಟ್ಯಾಪ್ ಮೇಲಿನ ತಿರುಚು ಮಾತ್ರ ಗಣನೀಯವಾಗಿ ಇಳಿಯುತ್ತದೆ.

ಆದರೂ ಮುರಿದರೆ, ಮುರಿದ ಟ್ಯಾಪೇ 64 ಎಚ್‌ಆರ್‌ಸಿಯ ಹೊಸ ಸಮಸ್ಯೆ. ತುಂಡು ಅಲ್ಯೂಮಿನಿಯಂ ಅಥವಾ ಹಿತ್ತಾಳೆಯದಾದರೆ ಅಂಗಡಿಯಲ್ಲಿ ಸಿಗುವ ಪಟಿಕ ಸಾಕು. ಬಿಸಿ ನೀರಿನಲ್ಲಿ ದಟ್ಟವಾಗಿ ಕರಗಿಸಿ ಕುದಿಯುವ ಮಟ್ಟದ ಬಿಸಿಯಲ್ಲಿ ತುಂಡನ್ನು ಅದರಲ್ಲಿಟ್ಟರೆ ಉಕ್ಕಿನ ಟ್ಯಾಪ್ ನಿಧಾನವಾಗಿ ಕರಗಿ ಹೋಗುತ್ತದೆ. ಗಡಿಯಾರ ರಿಪೇರಿಯವರು ಮುರಿದ ಸ್ಕ್ರೂ ತೆಗೆಯುವುದು ಹೀಗೆಯೇ. ಖರ್ಚು ನೂರು ರೂಪಾಯಿಯೊಳಗೆ, ಸಮಯ ಗಂಟೆಗಳಿಂದ ದಿನದವರೆಗೆ. ಉಕ್ಕಿನ ತುಂಡಿನಲ್ಲಿ ಇದು ನಡೆಯುವುದಿಲ್ಲ, ತುಂಡೂ ಕರಗುತ್ತದೆ. ಆಗ ಸ್ಪಾರ್ಕ್ ಇರೋಷನ್ ಯಂತ್ರವೇ ಗತಿ. ಸೋವಿಯತ್ ವಿಜ್ಞಾನಿ ದಂಪತಿ ಬೋರಿಸ್ ಮತ್ತು ನತಾಲಿಯಾ ಲಜರೆಂಕೊ 1943ರಲ್ಲಿ ರೂಪಿಸಿದ ವಿಧಾನ ಅದು. ಕಿಡಿಗೆ ಗಡಸುತನದ ಹಂಗಿಲ್ಲ, 64 ಆದರೂ 20 ಆದರೂ ಒಂದೇ.

ಲೇತ್‌ನಲ್ಲಿ ಗಡಸು ಉಕ್ಕು ತಿರುಗಿಸಲು ಸಿಬಿಎನ್ (ಕ್ಯೂಬಿಕ್ ಬೋರಾನ್ ನೈಟ್ರೈಡ್) ತುದಿ ಬೇಕು. ರಾಬರ್ಟ್ ವೆಂಟಾರ್ಫ್ 1957ರಲ್ಲಿ ಜನರಲ್ ಎಲೆಕ್ಟ್ರಿಕ್‌ನಲ್ಲಿ ಸೃಷ್ಟಿಸಿದ ಈ ಪದಾರ್ಥ ಗಡಸುತನದಲ್ಲಿ ವಜ್ರದ ನಂತರದ್ದು, ಆದರೆ ಬಿಸಿ ಕಬ್ಬಿಣದಲ್ಲಿ ವಜ್ರದಂತೆ ಕರಗುವುದಿಲ್ಲ. 25 ಮಿ.ಮೀ. ಶಾಫ್ಟಿಗೆ ನಿಮಿಷಕ್ಕೆ 120 ಮೀಟರ್, ಅಂದರೆ 1,530 ಆರ್‌ಪಿಎಂ, 0.1 ಮಿ.ಮೀ. ಆಳ, ಸುತ್ತಿಗೆ 0.08 ಮಿ.ಮೀ., ನೀರಿಲ್ಲದೆಯೇ. ಬೇಕಾದ ಶಕ್ತಿ 64 ವಾಟ್. ಮಿನಿ ಲೇತ್‌ಗೂ ಅದು ಭಾರವಲ್ಲ. ಆದರೆ ಇಷ್ಟು ತೆಳು ಕೊಯ್ತದಲ್ಲಿ ತುದಿಯ ಮೂಗಿನ ದುಂಡು ಭಾಗವೇ ಕೆಲಸ ಮಾಡುವುದರಿಂದ ಶಾಫ್ಟನ್ನು ಹಿಂದಕ್ಕೆ ತಳ್ಳುವ ಬಲ ಕತ್ತರಿಸುವ ಬಲಕ್ಕಿಂತ ಹೆಚ್ಚು, ಮಿನಿ ಲೇತ್‌ನ ಸ್ಲೈಡುಗಳು ಆ ತಳ್ಳಾಟಕ್ಕೆ ಸೋಲುತ್ತವೆ. ತುದಿಗೆ ₹2,000 ಹಾಕುವ ಮೊದಲು ಟೂಲ್‌ಪೋಸ್ಟ್ ಗ್ರೈಂಡಿಂಗ್ ಯೋಚಿಸಿ. ₹40ರ ಕಲ್ಲು ಅದೇ ಕೆಲಸವನ್ನು ನಿಧಾನವಾಗಿ, ನುಣ್ಣಗೆ ಮಾಡುತ್ತದೆ. ಕಲ್ಲಿನ ಪುಡಿ ಬೀಳದಂತೆ ಲೇತ್‌ನ ಬೆಡ್‌ಗೆ ಒದ್ದೆ ಬಟ್ಟೆ ಹೊದಿಸುವುದನ್ನು ಮರೆಯಬಾರದು.

ಒಂದು ಖರ್ಚನ್ನು ಯಾವ ಲೆಕ್ಕದಲ್ಲೂ ಉಳಿಸಬಾರದು. ಮುರಿದ ಕಾರ್ಬೈಡ್ ಚೂರು ಬುಲ್ಲೆಟ್ಟಿನಂತೆ ಹಾರುವ ವಸ್ತು. ಪೂರ್ತಿ ಮುಖ ಮುಚ್ಚುವ ಶೀಲ್ಡ್ ₹250. ಕಾರ್ಬೈಡ್ ಸಾಣೆ ಹಿಡಿಯುವಾಗ ಏಳುವ ಧೂಳಿನಲ್ಲಿ ಕೋಬಾಲ್ಟ್ ಇರುತ್ತದೆ, ವರ್ಷಗಟ್ಟಲೆ ಉಸಿರಾಡಿದವರ ಶ್ವಾಸಕೋಶವನ್ನು ಅದು ಗಟ್ಟಿಗೊಳಿಸುತ್ತದೆ. ಎನ್95 ಮಾಸ್ಕ್ ₹40, ಸಾಣೆ ಮನೆಯ ಹೊರಗೆ. 150 ಮಿ.ಮೀ. ಚಕ್ರ 2,850 ಆರ್‌ಪಿಎಂನಲ್ಲಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ, 100 ಮಿ.ಮೀ. ಆಂಗಲ್ ಗ್ರೈಂಡರಿನ ಡಿಸ್ಕ್ 11,000ದಲ್ಲಿ 58 ಮೀಟರ್. ಬಿರುಕು ಬಿಟ್ಟ ಚಕ್ರವನ್ನು ಅಗ್ಗವಾಗಿ ಸಿಕ್ಕಿತೆಂದು ಹಾಕಬೇಡಿ.

ಮುರಿದ ಬಿಟ್‌ಗಳನ್ನು ಎಸೆಯಬೇಡಿ. ಕಾರ್ಬೈಡಿನ ಸಾಂದ್ರತೆ ಉಕ್ಕಿನ ಹತ್ತಿರ ಹತ್ತಿರ ಎರಡು ಪಟ್ಟು, 8 ಮಿ.ಮೀ. ಗಿಡ್ಡ ಬಿಟ್ ಒಂದೇ 45 ಗ್ರಾಂ ತೂಗುತ್ತದೆ. ಗುಜರಿಯಲ್ಲಿ ಕಾರ್ಬೈಡ್‌ಗೆ ಕೆಜಿಗೆ ಸಾವಿರ ರೂಪಾಯಿಗೂ ಹೆಚ್ಚು ಕೊಡುತ್ತಾರೆ, ಅಂದರೆ ತುಂಡಾದ ಒಂದು ಬಿಟ್‌ಗೆ ಕನಿಷ್ಠ ₹45. ಎಚ್‌ಎಸ್‌ಎಸ್ ಚೂರುಗಳ ಜೊತೆ ಬೆರೆಸದೆ ಬೇರೆ ಡಬ್ಬಿಯಲ್ಲಿ ಕೂಡಿಡಿ.